ಚೀಲಕ್ಕೆ ಹೋಗಲೊಲ್ಲದ ಟೆಂಟು

ಮೊದಲು "ಕರ್ರ್" ಎಂದಿತು. ಒಣಗಿದ ಎಲೆಯನ್ನು ಯಾರೋ ಉಗುರಿನಿಂದ ಕೆರೆದ ಹಾಗೆ. ಸ್ವಲ್ಪ ಹೊತ್ತು ಬಿಟ್ಟು "ಕುಂಯ್" ಎಂದಿತು. ಇದು ತೀರ ಸಣ್ಣ ದನಿ, ಸೂಜಿಯ ತುದಿಯಷ್ಟು.

ನೀಲಿಮಾ ಕತ್ತಲಲ್ಲಿ ಕಣ್ಣು ಬಿಟ್ಟಳು. ಹೆದರುವುದರಲ್ಲಿ ಅವಳಿಗೆ ಅನುಭವ ಬಹಳ. ಗ್ಯಾಸ್ ಬಂದ್ ಮಾಡಿ, ಬಂದ್ ಮಾಡಿದ್ದೇನೆಯೇ ಎಂದು ನೋಡಿ, ನೋಡಿದ್ದು ನಿಜವೇ ಎಂದು ಮತ್ತೊಮ್ಮೆ ನೋಡುವವಳು ಅವಳು. ಆದರೆ ಈ ಸಪ್ಪಳ ಗ್ಯಾಸಿನದಲ್ಲ.

"ರೀ, ಏಳ್ರಿ. ಹಾಲ್‌ನ್ಯಾಗ ಏನೋ ಸಪ್ಪಳ ಆಗ್ಲಿಕ್ಕೆ ಹತ್ತೇದ."

ಗಂಡ ಮಧ್ವೇಶ ಮಗ್ಗುಲು ಬದಲಿಸಿದ. "ಫ್ರಿಜ್ ಇರಬೇಕು."

"ಫ್ರಿಜ್ ಕುಂಯ್ ಅಂತದೇನ್ರಿ?"

"ಹಳೇದಾಗ್ಯದಲ್ಲ, ಅಂತದ," ಎಂದವನೇ ಗೊರಕೆಗೆ ಮರಳಿದ.

ನೀಲಿಮಾ ಬಾಗಿಲ ಸಂದಿಯಿಂದ ಇಣುಕಿದಳು. ದಿವಾನದ ಮೇಲೆ ಅತ್ತೆ ರಂಗೂಬಾಯಿ ನಿಶ್ಚಿಂತೆಯಿಂದ ಮಲಗಿದ್ದರು. ಮೂಲೆಯಲ್ಲಿ, ಬೀದಿದೀಪದ ಬೆಳಕಿನಲ್ಲಿ, ಆ ಟೆಂಟು ಕೂತಿತ್ತು. ಅರ್ಧ ಅದರ ಚೀಲದೊಳಗೆ, ಅರ್ಧ ಹೊರಗೆ, ಹೂರಣ ಹೆಚ್ಚಾಗಿ ಹರಿದ ಹೋಳಿಗೆಯಂತೆ. ಅವಳು ನೋಡುತ್ತಿರುವಾಗಲೇ ಅದರ ಹೊಟ್ಟೆಯೊಳಗಿಂದ ಇನ್ನೊಮ್ಮೆ ಬಂತು: "ಕುಂಯ್."

ಆ ರಾತ್ರಿ ಅವಳಿಗೆ ನಿದ್ರೆ ಬರಲಿಲ್ಲ.

ಟೆಂಟು ತಮ್ಮದಾಗಿದ್ದರೆ ನೀಲಿಮಾ ಬೆಳಿಗ್ಗೆ ಅದನ್ನು ಬಾಲ್ಕನಿಯಿಂದ ಕೆಳಗೆ ನೂಕಿ ಕೈ ತೊಳೆದುಕೊಳ್ಳುತ್ತಿದ್ದಳೋ ಏನೋ. ಆದರೆ ಅದು ಸ್ವರ್ಣಲತಾ ಮೇಡಂ ಅವರದು. ಪುಣೆಯ ಧನಕವಡಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ನೀಲಿಮಾ ತಾತ್ಕಾಲಿಕ ಸಹಾಯಕಿ. ಸ್ವರ್ಣಲತಾ ಅಲ್ಲಿಯ ಮುಖ್ಯಸ್ಥೆ. ನೀಲಿಮಾಳ ಕೆಲಸ ಕಾಯಂ ಆಗಬೇಕಾದರೆ ಅವರು ಶಿಫಾರಸು ಬರೆಯಬೇಕು. ಬರೆಯುತ್ತೇನೆ ಎಂದಿದ್ದರು, ಇನ್ನೂ ಬರೆದಿರಲಿಲ್ಲ. ಇಂಥ ಸಮಯದಲ್ಲಿ ಅವರ ಹತ್ತಿರ ಟೆಂಟು ಕೇಳುವುದೆಂದರೆ ಹುಲಿಯ ಹತ್ತಿರ ಮೀಸೆ ಎರವಲು ಕೇಳಿದಂತೆ. ಆದರೆ ನಾದಿನಿ ಕೇತಕಿಯ ಸಂಸಾರ ಸೊಲ್ಲಾಪುರದಿಂದ ಬಂದಿತ್ತು, ಎಲ್ಲರೂ ಪಾನಶೇತ ಅಣೆಕಟ್ಟಿನ ಹಿನ್ನೀರಿಗೆ ಹೋಗೋಣವೆಂದು ಮಧ್ವೇಶ ಮಾತು ಕೊಟ್ಟಾಗಿತ್ತು. ಕೇಳಲೇಬೇಕಾಯಿತು.

"ಕೊಡ್ಲಿಕ್ಕೆ ನನಗೆ ಏನೂ ಬೇಜಾರಿಲ್ಲ ನೀಲಿಮಾ," ಎಂದಿದ್ದರು ಸ್ವರ್ಣಲತಾ. ಅವರು ಉಡುಪಿ ಕಡೆಯವರು; ಗಂಡ ಮೋಹನದಾಸ್ ಕಾಲೇಜಿನ ಹಿಂದಿನ ರಸ್ತೆಯಲ್ಲಿ ಹೋಟೆಲು ನಡೆಸುತ್ತಾರೆ. "ಆದ್ರೆ ಸೋಮವಾರ ಸಂಜೆ ನಮಗೆ ಬೇಕು. ಮಂಗಳವಾರ ಹೋಟೆಲಿಗೆ ರಜೆ, ಹಿಂದಿನ ರಾತ್ರಿಯೇ ಮಕ್ಕಳನ್ನು ಕರ್ಕೊಂಡು ಹೊರಡ್ಲಿಕ್ಕುಂಟು. ಒದ್ದೆ ಇರ್ಬಾರ್ದು, ಮಣ್ಣು ಇರ್ಬಾರ್ದು, ಅದರ ಚೀಲದಲ್ಲೇ ಇರ್ಬೇಕು. ತಗೊಂಡು ಹೋದ ವಸ್ತು ಹೇಗೆ ವಾಪಸ್ ಬರ್ತದೆ ಅಂತ ನೋಡಿದ್ರೆ ಆ ಮನುಷ್ಯರು ಎಂಥವರು ಅಂತ ನನಗೆ ಗೊತ್ತಾಗ್ತದೆ. ಇಷ್ಟು ವರ್ಷ ಲೈಬ್ರರಿಯಲ್ಲಿ ಕೂತವಳಲ್ವಾ?"

ಶನಿವಾರ ರಾತ್ರಿ ಹಿನ್ನೀರಿನ ದಂಡೆಯಲ್ಲಿ ಎಲ್ಲರೂ ಅದೇ ಟೆಂಟಿನಲ್ಲಿ ಮಲಗಿದರು. ಭಾನುವಾರ ಇದ್ದಕ್ಕಿದ್ದಂತೆ ಮಳೆ ಹೊಡೆಯಿತು. ಮಧ್ವೇಶ ಮತ್ತು ಕೇತಕಿಯ ಗಂಡ ಸೇರಿ ಟೆಂಟನ್ನು ಹಳೆ ಹಾಸಿಗೆಯಂತೆ ಸುತ್ತಿ, ಚೀಲಕ್ಕೆ ತುರುಕಿ, ಹೋಗದ ಭಾಗವನ್ನು ಬಟ್ಟೆ ಒಣಹಾಕುವ ಹಗ್ಗದಿಂದ ಬಿಗಿದು, ಬಿಚ್ಚಲು ಬಾರದಂಥ ಗಂಟುಗಳನ್ನು ಹಾಕಿದರು. ಕೇತಕಿಯವರು ಅಲ್ಲಿಂದಲೇ ಊರಿಗೆ ಹೋದರು. ಟೆಂಟು ಮಾತ್ರ ನೀಲಿಮಾಳ ಪಾಲಿಗೆ ಬಂತು.

ಬೆಳಿಗ್ಗೆ ಚಹಾ ಕೊಡುತ್ತ ನೀಲಿಮಾ ಅತ್ತೆಯ ಎದುರು ಕೂತಳು. ರಂಗೂಬಾಯಿಗೆ ಕಿವಿ ಮಂದ. ಆದರೆ ಮಧ್ವೇಶ ಹೊಸ ಕಿವಿ ಮಷೀನು ಕೊಡಿಸಿದಂದಿನಿಂದ ಅವರಷ್ಟು ಚೆನ್ನಾಗಿ ಕೇಳಿಸಿಕೊಳ್ಳುವವರು ಆ ಬಿಲ್ಡಿಂಗಿನಲ್ಲೇ ಇರಲಿಲ್ಲ. ಮೇಲಿನ ಮನೆಯ ಕುಕ್ಕರಿನ ಸೀಟಿಯನ್ನು ಇಲ್ಲಿ ಕೂತು ಎಣಿಸುತ್ತಿದ್ದರು. ಪ್ರವಾಸದ ಥಂಡಿ ಹತ್ತಿದೆಯೆಂದು ನಿನ್ನೆಯಿಂದ ತಲೆ ಕಿವಿಗೆಲ್ಲ ಮಫ್ಲರ್ ಸುತ್ತಿಕೊಂಡಿದ್ದರು.

"ಅತ್ಯಾರ, ರಾತ್ರಿ ಈ ಟೆಂಟಿನ್ಯಾಗಿಂದ ಏನರ ಸಪ್ಪಳ ಕೇಳಿಸ್ತೇನ್ರಿ ನಿಮಗ?"

ರಂಗೂಬಾಯಿ ಸೊಸೆಯ ಮುಖವನ್ನೇ ಒಂದು ಕ್ಷಣ ನೋಡಿದರು. ಆಮೇಲೆ ಬಲವಾಗಿ ತಲೆಯಾಡಿಸಿದರು. "ಹೂಂ!"

"ಕುಂಯ್ ಅಂತ?"

"ಹೂಂ, ಹೂಂ."

"ಒಳಗ ಜೀವಂತ ಏನೋ ಇದ್ದಂಗ ಅನಸ್ತೇನ್ರಿ?"

"ಮತ್ತ!" ಎಂದರು ರಂಗೂಬಾಯಿ, ಇದೂ ಒಂದು ಕೇಳುವ ಮಾತೇ ಎಂಬಂತೆ.

ಬೂಟಿನ ದಾರ ಕಟ್ಟುತ್ತಿದ್ದ ಮಧ್ವೇಶನ ಕೈ ನಿಂತಿತು. "ಅವ್ವಗ ಕೇಳಿಸ್ತಂದ್ರ ಏನೋ ಇರೂದು ಖರೇನ," ಎಂದ. ಮುಖ ಸ್ವಲ್ಪ ಬಿಳುಪೇರಿತ್ತು. "ಇವತ್ತ ಖರಾಡಿಯೊಳಗ ಮೀಟಿಂಗ್ ಅದ, ನಾ ಲಗೂನ ಹೋಗಬೇಕು. ನೀ ವಿಡಿಯೋ ನೋಡಿ ಮಡಚಿಬಿಡು. ಭಾಳ ಸರಳ ಅದ." ಹೀಗೆಂದು ಟೆಂಟು ಇದ್ದ ಗೋಡೆಯನ್ನು ಬಿಟ್ಟು, ಎದುರಿನ ಗೋಡೆಗೆ ಬೆನ್ನು ಹಚ್ಚಿ ಸರಿಯುತ್ತ, ಬಾಗಿಲಾಚೆ ಮಾಯವಾದ.

ನೀಲಿಮಾ ರಜೆ ಹಾಕಿದಳು. ಕಸಬರಿಗೆಯ ಹಿಡಿಯಿಂದ ಟೆಂಟನ್ನು ತಿವಿದಳು. ಅದು ಮಾತಾಡಲಿಲ್ಲ. ಹಿಂದಕ್ಕೆ ತಿರುಗಿದರೆ ಎದುರುಮನೆಯ ಗೌರಾಬಾಯಿ ಆಗಲೇ ಒಳಗೆ ಬಂದು ನಿಂತಿದ್ದರು. ಕರೆದ ಮೇಲೆ ಬರುವ ಅಭ್ಯಾಸ ಅವರಿಗಿರಲಿಲ್ಲ.

ಎಲ್ಲ ಕೇಳಿಸಿಕೊಂಡು ಗೌರಾಬಾಯಿ ಹೇಳಿದರು, "ಹಾವಿನ ಮರಿ."

"ಹಾವು ಕುಂಯ್ ಅಂತದೇನ್ರಿ ಗೌರಾಬಾಯಿ?"

"ದೊಡ್ಡದು ಭುಸ್ ಅಂತದ. ಮರಿ ಏನ್ ಮಾಡ್ಬೇಕು ಪಾಪ, ಅದಕ್ಕ ಬಂದಷ್ಟು ಅಂತದ. ನಮ್ಮ ಮಾವನವರ ಹಾಸಿಗಿ ಸುರಳಿಯೊಳಗ ಹಿಂಗ ಒಂದು ನಾಗಪ್ಪ ಬಂದಿತ್ತು. ಹುಬ್ಬಳ್ಳಿಯಿಂದ ಪುಣೆತನಕ, ತಿಕೀಟ ಇಲ್ದ."

ನೀಲಿಮಾ ಕಸಬರಿಗೆಯ ಹಿಡಿಯನ್ನು ಟೆಂಟಿನಿಂದ ದೂರ ಎಳೆದುಕೊಂಡಳು. ಹಾವಾದರೆ ಮನೆಯೊಳಗೆ ಬಿಚ್ಚುವಂತಿಲ್ಲ. ಬಿಚ್ಚದಿದ್ದರೆ ಒಣಗುವುದಿಲ್ಲ. ಒಣಗದಿದ್ದರೆ ಸ್ವರ್ಣಲತಾ. ಮೂರರಲ್ಲಿ ಯಾವುದು ಹೆಚ್ಚು ಭಯಂಕರ ಎಂದು ಅವಳು ತೂಗಿ ನೋಡಿದಳು. ಸ್ವರ್ಣಲತಾ ಗೆದ್ದರು.

ಇಬ್ಬರೂ ಸೇರಿ ಟೆಂಟನ್ನು ಲಿಫ್ಟಿಗೆ ಎಳೆದರು. ಲಿಫ್ಟಿನ ಬಾಗಿಲು ಮುಚ್ಚುವಷ್ಟರಲ್ಲಿ ನ್ಯೂಸ್‌ಪೇಪರ್ ಹಿಡಿದುಕೊಂಡು ಕೇದಾರ ಕಾಕಾ ನುಗ್ಗಿದರು. ಬೆಳಗಾವಿಯವರು. ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಸಾಮಾನು ವಿಭಾಗದ ಗುಮಾಸ್ತರಾಗಿದ್ದು ನಿವೃತ್ತರಾದವರು. ಆದರೆ ಸೊಸೈಟಿಯಲ್ಲಿ ಅವರು ನಡೆಯುವ ಠೀವಿ ನೋಡಿದರೆ ಎರಡು ಯುದ್ಧ ಗೆದ್ದು ಬಂದಂತಿತ್ತು. ಲಿಫ್ಟಿನಲ್ಲಿ ಮೂವರಿಗೇ ಜಾಗ, ಟೆಂಟಿಗೇ ಇಬ್ಬರ ಜಾಗ ಬೇಕು. ಕಾಕಾ ಹೊಟ್ಟೆಯಿಂದ ಅದನ್ನು ಗೋಡೆಗೆ ಒತ್ತಿದರು.

"ಕುಂಯ್ಯ್ಯ್."

ಗೌರಾಬಾಯಿ ಲಿಫ್ಟಿನ ಗೋಡೆಗೆ ಅಂಟಿಕೊಂಡರು.

"ಯಾರ ಫೋನ್ರೀ ಅದು?" ಎಂದರು ಕಾಕಾ.

"ನಂದ್ರಿ," ಎಂದಳು ನೀಲಿಮಾ. ಅವಳ ಫೋನು ಮನೆಯಲ್ಲೇ ಇತ್ತು.

ಟೆರೇಸಿನಲ್ಲಿ ಗಂಟುಗಳನ್ನು ಚಾಕುವಿನಿಂದ ಕತ್ತರಿಸಿದರು. ಕೋಲುಗಳನ್ನಿಟ್ಟ ಉದ್ದನೆಯ ಚೀಲ ಮೊದಲು ಜಾರಿ ಬಂತು. "ಕೋಲೇನ್ ಒಣಗಸ್ತೀರಿ, ಅಲ್ಲಿಡ್ರಿ," ಎಂದು ಗೌರಾಬಾಯಿ ಅದನ್ನು ಕಾಲಿನಿಂದಲೇ ನೀರಿನ ಟ್ಯಾಂಕಿನ ನೆರಳಿಗೆ ಸರಿಸಿದರು. ಆಮೇಲೆ ಇಬ್ಬರೂ ಬಟ್ಟೆಯ ಒಂದೊಂದು ತುದಿಯನ್ನು ಬೆರಳ ತುದಿಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಕೊಡವಿದರು. ಎಂಟು ಮಂದಿ ಮಲಗುವ ಟೆಂಟು ಟೆರೇಸಿನ ತುಂಬ ಹರಡಿತು. ಹಾವು ಬೀಳಲಿಲ್ಲ. ಹಲ್ಲಿಯೂ ಬೀಳಲಿಲ್ಲ. ಒಂದು ಚಮಚ ಬಿತ್ತು, ಕೇತಕಿಯದು.

ಗಾಳಿ ಇತ್ತು, ಬಿಸಿಲಿತ್ತು. ಸ್ವಲ್ಪ ಹೊತ್ತಿನಲ್ಲಿ ಬಟ್ಟೆ ಹಪ್ಪಳದಂತೆ ಒಣಗಿತು. ಯಾವ ಸಪ್ಪಳವೂ ಇರಲಿಲ್ಲ. ನೀಲಿಮಾ ನಿಟ್ಟುಸಿರು ಬಿಟ್ಟು ಒಂದು ಅಂಚಿನಿಂದ ಸುತ್ತತೊಡಗಿದಳು. ನಾಲ್ಕನೇ ಸುತ್ತಿಗೆ ಒಳಗಿಂದ ಬಂತು, "ಕುಂಯ್."

ಕೈಬಿಟ್ಟಳು. ಟೆಂಟು ಬಿಚ್ಚಿಕೊಂಡಿತು. ಸುಮ್ಮನಾಯಿತು.

ಮತ್ತೆ ಸುತ್ತಿದಳು. "ಕುಂಯ್." ಬಿಚ್ಚಿದಳು. ಸುಮ್ಮನೆ.

ಗೌರಾಬಾಯಿ ಎರಡು ಹೆಜ್ಜೆ ಹಿಂದೆ ಸರಿದರು. "ನೀಲಾ, ನಾ ಹಾವಂದಿದ್ನಲ್ಲ, ಆ ಮಾತು ವಾಪಸ್ ತಗೊಂಡೆ. ಬಿಚ್ಚಿದ್ರ ಇಲ್ಲ, ಮಡಚಿದ್ರ ಅದ. ಜೀವ ಇದ್ದದ್ದು ಹಿಂಗ ಮಾಡೂದಿಲ್ಲ."

"ಮತ್ತ ಏನ್ರಿ?"

"ಜೀವ ಇಲ್ಲದ್ದು."

"ಅಂಥಾ ಮಾತು ಆಡಬ್ಯಾಡ್ರಿ!"

"ಹಿನ್ನೀರಿನ ದಂಡಿಮ್ಯಾಲೆ ಹೂಡಿದ್ರಲ್ಲ ಟೆಂಟು? ಅಲ್ಲಿ ಕೆಳಗ ಹಳೇ ಊರು ಮುಳುಗ್ಯಾವ. ಊರಿನವರು ಎದ್ದು ಹೋಗಿರ್ತಾರ, ಬ್ಯಾರೆಯವು ಎಲ್ಲಿಗೆ ಹೋಗ್ಬೇಕು?"

ಅದೇ ಹೊತ್ತಿಗೆ ಮೆಟ್ಟಿಲ ಬಾಗಿಲು ತೆರೆಯಿತು. ರಂಗೂಬಾಯಿ. ಮೊಣಕಾಲು ನೋವೆಂದು ಹೊಸ್ತಿಲು ದಾಟಲೂ ನರಳುವವರು, ಮಫ್ಲರ್ ಸುತ್ತಿಕೊಂಡು ಟೆರೇಸಿಗೆ ಬಂದಿದ್ದರು. ಯಾರನ್ನೂ ನೋಡಲಿಲ್ಲ. ದೃಷ್ಟಿ ಟೆಂಟಿನ ಮೇಲೆಯೇ ಇತ್ತು. ಗಾಳಿಗೆ ಉಬ್ಬಿ ನಿಂತಿದ್ದ ಅದರ ಬಾಯಿಯ ಕಡೆಗೆ ನೇರವಾಗಿ ನಡೆದರು.

"ಅತ್ಯಾರ!" ಎಂದು ನೀಲಿಮಾ ಕೂಗಿದಳು.

ರಂಗೂಬಾಯಿ ತಿರುಗಲಿಲ್ಲ.

"ಅತ್ಯಾರ, ಹತ್ರ ಹೋಗಬ್ಯಾಡ್ರಿ!"

ರಂಗೂಬಾಯಿ ಬಾಗಿ, ತಲೆ ಒಳಗೆ ಹಾಕಿ, ಕೈಯಿಂದ ಬಟ್ಟೆಯನ್ನು ತಡಕಾಡತೊಡಗಿದರು.

ಗೌರಾಬಾಯಿ ಎದೆಯ ಮೇಲೆ ಕೈಯಿಟ್ಟುಕೊಂಡರು. "ನೋಡು, ಕರದ್ರ ಓ ಅನವಲ್ರು. ಅದು ಹಿರಿಯಾರನ್ನ ಒಳಗ ಎಳೀಲಿಕ್ಕೆ ಹತ್ತೇದ!"

ನೀಲಿಮಾ ಓಡಿಹೋಗಿ ಅತ್ತೆಯ ಸೊಂಟವನ್ನು ಹಿಡಿದು ಎಳೆದಳು. ರಂಗೂಬಾಯಿ ಕೊಸರಿಕೊಂಡರು. "ಬಿಡವಾ! ಒಂದ ನಿಮಿಷ ಒಳಗ ಹೋಗಿ ಬಂದಬಿಡ್ತೀನಿ!"

"ಕೇಳಿದ್ಯಲ್ಲ? ಆ ದನಿ ಅವರದಲ್ಲ!" ಎಂದರು ಗೌರಾಬಾಯಿ.

ದನಿ ನಿಜಕ್ಕೂ ವಿಪರೀತ ದೊಡ್ಡದಾಗಿತ್ತು. ಪಕ್ಕದ ಬಿಲ್ಡಿಂಗಿನ ಪಾರಿವಾಳಗಳು ಹಾರಿಹೋದವು. ನೀಲಿಮಾಳ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ತನಗೆ ಅತ್ತೆ ಎಂದರೆ ಸ್ವಲ್ಪ ಹೆದರಿಕೆ ಇತ್ತು, ನಿಜ. ಈಗ ಅತ್ತೆಗಾಗಿ ಹೆದರಿಕೆಯಾಯಿತು. ಅವರನ್ನು ಮೆಟ್ಟಿಲ ಹತ್ತಿರದ ಕಟ್ಟೆಯ ಮೇಲೆ ಕೂರಿಸಿ, ಏಳದಂತೆ ಸೆರಗು ಹಿಡಿದುಕೊಂಡಳು. ರಂಗೂಬಾಯಿ ಬಾಯಿ ತೆರೆದರು, ಗೌರಾಬಾಯಿಯನ್ನು ನೋಡಿದರು, ಬಾಯಿ ಮುಚ್ಚಿದರು.

ಗೌರಾಬಾಯಿ ಕೆಳಗೆ ಹೋಗಿ ಒಂದು ಹಳೆ ಬಾಣಲೆಯಲ್ಲಿ ಕೆಂಡ, ಉಪ್ಪು, ಹಿಡಿ ತುಂಬ ಬ್ಯಾಡಗಿ ಮೆಣಸಿನಕಾಯಿ ತಂದರು. ಟೆಂಟಿನ ಸುತ್ತ ನಿವಾಳಿಸಿ ಇಳಿ ತೆಗೆದು ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದರು. "ಬರೇ ದೃಷ್ಟಿ ಇದ್ರ ಘಾಟು ಬರೂದಿಲ್ಲ, ತಿಳಕೋ."

ಘಾಟು ಬಂತು. ಹೇಗೆ ಬಂತೆಂದರೆ ಮೂವರೂ ಕೆಮ್ಮಿ ಕೆಮ್ಮಿ ಬಗ್ಗಿದರು. ಕೆಳಗಿನ ರಸ್ತೆಯಲ್ಲಿ ಹೋಗುತ್ತಿದ್ದ ರಿಕ್ಷಾದವನೊಬ್ಬ ಸೀನಿದ್ದು ನಾಲ್ಕನೇ ಮಹಡಿಯ ಮೇಲೆ ಕೇಳಿಸಿತು.

"ದೃಷ್ಟಿ... ಅಲ್ಲ," ಎಂದರು ಗೌರಾಬಾಯಿ, ಕಣ್ಣೊರೆಸಿಕೊಳ್ಳುತ್ತ. "ಬ್ಯಾರೆ... ಏನೋ."

ಹೊಗೆ ನೋಡಿ ಕೇದಾರ ಕಾಕಾ ಏರಿ ಬಂದರು. "ಅರೇ, ಕಾಯ್ ಚಾಲ್ಲಂಯ್ ಇಥೆ? ಏನ್ ನಡಸೀರಿ? ಟೆಂಟ್ ಮಡಚಾಕ ಹೋಮ ಬೇಕೇನ್ರಿ? ಸರೀರಿ ಆಕಡೆ. ಫೌಜಿನ್ಯಾಗ ಇಂಥಾ ಸಾವಿರ ಟೆಂಟ್ ನನ್ನ ಕೈಯಾಗ ಹಾದು ಹೋಗ್ಯಾವ."

ಹಾದುಹೋಗಿದ್ದವು, ಲೆಕ್ಕದ ಪುಸ್ತಕದಲ್ಲಿ. ಆದರೂ ಕಾಕಾ ಮಂಡಿಯೂರಿ ಎರಡು ಸುತ್ತು ಸುತ್ತಿ, ಮೊಣಕೈಯಿಂದ ಒತ್ತಿದರು.

"ಕುಂಯ್ಯ್."

ಕಾಕಾ ಹಾಗೆಯೇ ಕಲ್ಲಾದರು. ಕಿವಿಯನ್ನು ಬಟ್ಟೆಗೆ ಹಚ್ಚಿದರು. ಪಿಸುದನಿಯಲ್ಲಿ ಹೇಳಿದರು, "ಯಾರೂ ಹಂದಾಡಬ್ಯಾಡ್ರಿ. ಇದು ಪ್ರಾಣಿ ಅಲ್ಲ, ದೆವ್ವನೂ ಅಲ್ಲ. ಇದು ಬೀಪ್. ಮಷೀನಿನ ದನಿ. ಒತ್ತಿದ್ರ ಹೊಡೀತದ. ಡಿಪೋದೊಳಗ ಕೇಳೀನಿ ನಾ."

"ಅಂದ್ರ?" ಎಂದರು ಗೌರಾಬಾಯಿ.

"ಅಂದ್ರ ಬಾಂಬ್."

ಗೌರಾಬಾಯಿ ಬಾಣಲೆಯನ್ನೂ ಕೆಂಡವನ್ನೂ ಮೂವತ್ತು ವರ್ಷದ ನೆರೆಹೊರೆಯನ್ನೂ ಅಲ್ಲಿಯೇ ಬಿಟ್ಟು ಮೆಟ್ಟಿಲಿಳಿದರು.

"ಪೊಲೀಸರಿಗೆ ಹೇಳೂನು," ಎಂದರು ಕಾಕಾ, ಇನ್ನೂ ಮಂಡಿಯೂರಿಯೇ. ಏಳಲು ಹೆದರಿಕೆಯಾಗಿತ್ತು.

ನೀಲಿಮಾಳ ಕಣ್ಣ ಮುಂದೆ ಎಲ್ಲವೂ ಓಡಿತು. ಪೊಲೀಸರು, ನಾಯಿಗಳು, ಟಿವಿಯವರು. ಟೆಂಟಿನ ಮೂಲೆಯಲ್ಲಿ ಮಾರ್ಕರಿನಿಂದ ದಪ್ಪ ಅಕ್ಷರದಲ್ಲಿ ಬರೆದ ಸ್ವರ್ಣಲತಾ ಮೋಹನದಾಸ್ ಎಂಬ ಹೆಸರು. ಹೋಟೆಲಿನ ಗಲ್ಲಾದಿಂದ ಮೋಹನದಾಸರನ್ನು ಎಬ್ಬಿಸಿ ಕರೆದೊಯ್ಯುವುದು. ಆಮೇಲೆ ಗ್ರಂಥಾಲಯದಲ್ಲಿ ಸ್ವರ್ಣಲತಾ ಕನ್ನಡಕದ ಮೇಲಿಂದ ನೋಡುವ ಆ ನೋಟ.

"ಕಾಕಾ," ಎಂದಳು, ತನಗೇ ಗೊತ್ತಿಲ್ಲದ ದನಿಯಲ್ಲಿ, "ನಿಮ್ಮ ಊಟದ ಹೊತ್ತಾತಲ್ರಿ?"

ಕಾಕಾ ಗಡಿಯಾರ ನೋಡಿದರು. ಅವರ ಮನೆಯಲ್ಲಿ ಒಂದು ಗಂಟೆಗೆ ಊಟವೆಂದರೆ ಒಂದು ಗಂಟೆಗೆ ಊಟ; ಅದು ಮಿಲಿಟರಿಯ ಶಿಸ್ತೆಂದು ಅವರು ಹೇಳುತ್ತಿದ್ದರು, ಹೆಂಡತಿಯ ಶಿಸ್ತೆಂದು ಎಲ್ಲರಿಗೂ ಗೊತ್ತಿತ್ತು. ಬಾಂಬ್ ಸಿಡಿದರೆ ಒಮ್ಮೆ ಸಿಡಿಯುತ್ತದೆ. ಕಾಕಾ ಎದ್ದರು. "ಊಟ ಮಾಡಿ, ಒಂದ್ ಗಳಿಗಿ ಅಡ್ಡಾಗಿ, ನಾಕಕ್ಕ ಬಂದು ಫೋನ್ ಹಚ್ಚತೀನಿ. ಅಲ್ಲೀತನಕ ಯಾರೂ ಮುಟ್ಟಬ್ಯಾಡ್ರಿ. ಹುಕುಂ ಅದ."

ಅವರು ಇಳಿದುಹೋದದ್ದೇ ನೀಲಿಮಾ ಟೆಂಟಿನ ಮೇಲೆ ಬಿದ್ದಳು.

ಹಾವು ಇರಲಿ, ದೆವ್ವವಿರಲಿ, ಬಾಂಬ್ ಇರಲಿ, ಸಂಜೆಯೊಳಗೆ ಇದು ಚೀಲದಲ್ಲಿರಬೇಕು. ರಾಯರ ಶ್ಲೋಕ ಹೇಳುತ್ತ ಸುತ್ತಿದಳು. ಅದು "ಕುಂಯ್" ಎಂದಿತು. ಇವಳೂ "ಕುಂಯ್" ಎಂದಳು. ಸುತ್ತಿ ಮುಗಿದಾಗ ಟೆಂಟು ಚೀಲಕ್ಕಿಂತ ಎರಡರಷ್ಟು ದಪ್ಪವಿತ್ತು. ಒಂದು ಕಡೆ ತುರುಕಿದರೆ ಇನ್ನೊಂದು ಕಡೆ ಉಬ್ಬಿತು. ವಿಡಿಯೋದಲ್ಲಿ ನಗುತ್ತ ಎರಡು ನಿಮಿಷದಲ್ಲಿ ಮಡಚಿದ ಆ ಹುಡುಗಿಗೆ ನೀಲಿಮಾ ಮನಸ್ಸಿನಲ್ಲೇ ಒಂದು ಶಾಪ ಹಾಕಿದಳು.

ಅತ್ತೆಯ ಸೆರಗು ಬಿಟ್ಟಿದ್ದು ಮರೆತೇಹೋಗಿತ್ತು. ರಂಗೂಬಾಯಿ ಕಟ್ಟೆಯಿಂದೆದ್ದು ಬಂದವರೇ ಟೆಂಟಿನ ಮೇಲೆ ಧಪ್ಪನೆ ಕುಳಿತರು. ಕುಳಿತು, ಎರಡೂ ಕೈಗಳನ್ನು ಸುರುಳಿಯೊಳಗೆ ತೂರಿಸತೊಡಗಿದರು. ಆ ಭಾರಕ್ಕೆ ಒಳಗಿದ್ದ ಗಾಳಿಯೆಲ್ಲ ಉಸ್ಸೆಂದು ಹೊರಬಿತ್ತು. ಟೆಂಟು ಚಪಾತಿಯಂತೆ ತೆಳ್ಳಗಾಯಿತು. "ಕುಂಯ್" ಎನ್ನುವುದು ಅರ್ಧಕ್ಕೇ ನಿಂತುಹೋಯಿತು.

ನೀಲಿಮಾ ತಡಮಾಡದೆ ಅತ್ತೆಯ ಕಂಕುಳಲ್ಲಿ ಕೈಹಾಕಿ ಎತ್ತಿ ಪಕ್ಕಕ್ಕೆ ಸರಿಸಿ, ಟೆಂಟನ್ನು ಚೀಲಕ್ಕೆ ನೂಕಿ, ಟ್ಯಾಂಕಿನ ನೆರಳಿನಿಂದ ಕೋಲಿನ ಚೀಲವನ್ನು ಎತ್ತಿ ಅದರ ಪಕ್ಕದಲ್ಲಿ ತೂರಿಸಿ, ಜಿಪ್ ಎಳೆದಳು. ಜಿಪ್ ಹೋಯಿತು. ಪೂರ್ತಿ ಹೋಯಿತು!

ರಂಗೂಬಾಯಿ ಮುಚ್ಚಿದ ಜಿಪ್ಪನ್ನೇ ನೋಡುತ್ತ, ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಿಯಂತೆ ಕಣ್ಣು ತುಂಬಿಕೊಂಡರು.

ಕಾಕಾರ ಗೊರಕೆ ನಿಲ್ಲುವ ಮೊದಲೇ ನೀಲಿಮಾ ರಿಕ್ಷಾ ಹಿಡಿದಿದ್ದಳು. ಹೋಟೆಲಿನ ಮೇಲಿನ ಮಹಡಿಯ ಮನೆಯಲ್ಲಿ, ಪ್ರವಾಸದ ತಯಾರಿಗೆ ಅರ್ಧ ದಿನ ರಜೆ ಹಾಕಿದ್ದ ಸ್ವರ್ಣಲತಾ ಚೀಲವನ್ನು ಟೇಬಲಿನ ಮೇಲಿಟ್ಟು, ವಾಪಸ್ ಬಂದ ಪುಸ್ತಕವನ್ನು ನೋಡುವಂತೆ ಹಿಂದೆ ಮುಂದೆ ನೋಡಿದರು. ಸಪ್ಪಳವಿಲ್ಲ. ಮೂಗು ಹಚ್ಚಿ ಮೂಸಿದರು.

"ಇದೆಂಥದು, ಮೆಣಸಿನ ಘಾಟು?"

"ಹುಳ ಹತ್ತಬಾರದಂತ ಹೊಗಿ ಹಾಕೀನ್ರಿ ಮೇಡಂ."

ಸ್ವರ್ಣಲತಾರ ಹುಬ್ಬು ಮೇಲೇರಿತು. ಅದು ಮೆಚ್ಚುಗೆ. "ನೋಡಿ, ಇಷ್ಟು ಕಾಳಜಿ ಯಾರಿಗುಂಟು? ಶಿಫಾರಸು ಬುಧವಾರ ಬಂದವಳೇ ಬರೀತೇನೆ. ಟೆಂಟಿನಿಂದ ಎಂತ ತೊಂದರೆ ಆಗ್ಲಿಲ್ಲ ಅಲ್ವಾ?"

"ಇಲ್ರಿ ಮೇಡಂ. ನಮ್ಮನ್ಯಾಗ ಭಾಳ ಸುಮ್ಮನ ಇತ್ತು."

"ಸುಮ್ಮನೆ?"

"ಅಂದ್ರ... ಚಲೋ ಇತ್ರಿ."

ಮನೆಗೆ ಬರುವಾಗ ಅವಳ ಕಾಲು ನೆಲದ ಮೇಲಿರಲಿಲ್ಲ. "ಟೆಂಟ್ ಹೋತೇನು?" ಎಂದು ಮಧ್ವೇಶನ ಮೆಸೇಜು ಬಂದಿತ್ತು. "ಹೋತ್ರಿ" ಎಂದು ಕಳಿಸಿದಳು. ಐದೇ ನಿಮಿಷದಲ್ಲಿ ಅವನು ಬಾಗಿಲಲ್ಲಿದ್ದ. ಕೆಳಗಿನ ಪಾನ್ ಅಂಗಡಿಯಲ್ಲಿ ಉತ್ತರಕ್ಕಾಗಿ ಕಾಯುತ್ತಿದ್ದನೆಂದು ಕಾಣುತ್ತದೆ. ನಾಲ್ಕಕ್ಕೆ ಫೋನು ಹಿಡಿದು ಬಂದ ಕೇದಾರ ಕಾಕಾ ಬರಿದಾದ ಟೆರೇಸನ್ನು ನೋಡಿ, ತಾನೇ ಬಾಂಬನ್ನು ನಿಷ್ಕ್ರಿಯಗೊಳಿಸಿದೆನೆಂದು ಸೊಸೈಟಿಗೆಲ್ಲ ಹೇಳಿಕೊಂಡು ಬಂದಿದ್ದರು.

ಊಟವಾಗಿ ಮಧ್ವೇಶ ಮಲಗಿದ ಮೇಲೆ ರಂಗೂಬಾಯಿ ಸೊಸೆಯನ್ನು ಅಡಿಗೆಮನೆಗೆ ಎಳೆದೊಯ್ದು ಬಾಗಿಲು ಹಾಕಿದರು. ಮಫ್ಲರ್ ಬಿಚ್ಚಿದರು. ಎರಡೂ ಕಿವಿ ಬರಿದಾಗಿದ್ದವು.

"ನೀಲಾ, ಮಧುಗ ಹೇಳಬ್ಯಾಡ," ಎಂದರು. ಪಿಸುಗುಟ್ಟುತ್ತಿದ್ದೇನೆಂದು ಅವರು ತಿಳಿದಿದ್ದರು. ಸಿಂಕಿನಲ್ಲಿದ್ದ ತಟ್ಟೆಗಳು ನಡುಗಿದವು. "ಹಿಂದಿನ ಮಷೀನು ಕಳದಾಗ ಎಷ್ಟು ಬೈದಿದ್ದ. ಈ ಸಲ ಟೆಂಟಿನ ಒಳಗಿನ ಕಿಸೇದಾಗ ರಾತ್ರಿ ತಗದು ಇಟ್ಟಿದ್ದೆ. ಮಳಿ ಗಡಿಬಿಡಿಯೊಳಗ ಮರತಬಿಟ್ಟೆ. ಬಂದ್ ಮಾಡಿದ್ನೋ ಇಲ್ಲೋ ಅದೂ ನೆನಪಿಲ್ಲ. ಬಂದ್ ಮಾಡದಿದ್ರ ಒತ್ತಿದಾಗೊಮ್ಮೆ ಕುಂಯ್ ಅಂತದ ಅದು. ಇವತ್ತ ತಗೋಬೇಕಂತ ಎಷ್ಟ್ ಸಲ ಬಂದೆ, ನೀ ಬಿಡಲೇ ಇಲ್ಲ. ಗೌರಾಬಾಯಿ ಮುಂದ ಹೇಳಿದ್ರ ಮಧುಗ ಗೊತ್ತಾಗ್ತದ. ನಿನ್ನೆಯಿಂದ ಒಂದ ಮಾತು ಕೇಳಿಸಿಲ್ಲ ನನಗ. ಎಲ್ಲಾದಕ್ಕೂ ಹೂಂ ಹೂಂ ಅಂದೀನಿ."

ನೀಲಿಮಾ ಅಡಿಗೆಕಟ್ಟೆಯನ್ನು ಹಿಡಿದುಕೊಂಡಳು. ಹಾವು, ಮುಳುಗಿದ ಊರಿನ ದೆವ್ವ, ಬಾಂಬ್, ಎಲ್ಲವೂ ಸಾಲಾಗಿ ಅವಳ ಮುಂದೆ ಬಂದು ನಿಂತು ಕೈಮುಗಿದು ಹೋದವು. ನಗು ಬಂತು. ನಗುವ ಮಧ್ಯದಲ್ಲೇ ನೆನಪಾಯಿತು: ಮಷೀನು ಟೆಂಟಿನಲ್ಲಿದೆ, ಟೆಂಟು ಸ್ವರ್ಣಲತಾರ ಕಾರಿನಲ್ಲಿದೆ.

ಬಾಗಿಲ ಗಂಟೆ ಹೊಡೆಯಿತು.

ಸ್ವರ್ಣಲತಾ ನಿಂತಿದ್ದರು. ಹಿಂದೆ ಮೋಹನದಾಸ್, ಅಪ್ಪಿಕೊಂಡ ಟೆಂಟಿನ ಮೇಲೆ ಅವರ ಬೆವರಿದ ಮುಖ ಮಾತ್ರ ಕಾಣುತ್ತಿತ್ತು.

"ನೀಲಿಮಾ, ಕಾಲೇಜಲ್ಲಿ ಯಾರಿಗೂ ಹೇಳ್ಬೇಡಿ," ಎಂದರು ಸ್ವರ್ಣಲತಾ. "ಖಡಕವಾಸಲಾ ದಾಟ್ಲಿಲ್ಲ, ಡಿಕ್ಕಿಯಿಂದ ಎಂಥದೋ ಕೂಗ್ಲಿಕ್ಕೆ ಶುರು. ಮಕ್ಕಳು ಅತ್ತು ಅತ್ತು ಈಗ ಕಾರಲ್ಲೇ ನಿದ್ದೆ. ನಿಮ್ಮಲ್ಲಿ ನಿಜವಾಗಿ ಎಂತ ಕೇಳ್ಲಿಲ್ವಾ?"

ಈಗ ನಿಜ ಹೇಳಿದರೆ ಮುಗಿಯುತ್ತಿತ್ತು. ಆದರೆ ನಿಜ ಹೇಳಬೇಕಾದರೆ ಮಧ್ಯಾಹ್ನ ಹೇಳಿದ್ದು ಸುಳ್ಳಾಗುತ್ತಿತ್ತು, ಮೆಣಸಿನ ಹೊಗೆಯೂ ಸೇರಿ.

"ಇಲ್ರಿ ಮೇಡಂ."

"ಹೇಳಿದೆನಲ್ಲ ನಾನು!" ಎಂದರು ಮೋಹನದಾಸ್. "ಅದಕ್ಕೆ ಈ ಮನೆ ಒಗ್ಗಿದೆ ಮಾರಾಯ್ತಿ. ಇಲ್ಲಿಯೇ ಇರ್ಲಿ." ಟೆಂಟನ್ನು ಹಾಲಿನ ಮೂಲೆಯಲ್ಲಿ, ನಿನ್ನೆ ಇದ್ದ ಜಾಗದಲ್ಲೇ ಇಳಿಸಿ, ಒಂದು ನಮಸ್ಕಾರ ಹಾಕಿದರು.

"ಬರುವ ತಿಂಗಳು ಎಲ್ಲರೂ ಒಟ್ಟಿಗೆ ಹೋಗುವ," ಎಂದರು ಸ್ವರ್ಣಲತಾ. "ಇದನ್ನು ನೀವೇ ಬಿಚ್ಚಿ, ನೀವೇ ಮಡಚಿ. ಆ ಶಿಫಾರಸಿನ ವಿಷಯ ಅಲ್ಲಿ ಸಾವಕಾಶ ಮಾತಾಡುವ."

ಅವರು ಹೋದ ಮೇಲೆ ಅತ್ತೆ ಸೊಸೆ ಇಬ್ಬರೂ ಸದ್ದಿಲ್ಲದೆ ಜಿಪ್ ಎಳೆದರು. ಸುರುಳಿಯೊಳಗೆ ಭುಜದ ತನಕ ಕೈಹಾಕಿ ನೀಲಿಮಾ ಒಳಗಿನ ಕಿಸೆಯನ್ನು ಹುಡುಕಿದಳು. ಕರವಸ್ತ್ರದಲ್ಲಿ ಸುತ್ತಿದ ಎರಡು ಪುಟ್ಟ ಮಷೀನುಗಳು ಸಿಕ್ಕವು. ರಂಗೂಬಾಯಿ ಅವನ್ನು ಕಣ್ಣಿಗೊತ್ತಿಕೊಂಡು ಕಿವಿಗೆ ಹಾಕಿಕೊಂಡರು.

"ಈಗ ಕೇಳಿಸ್ತದೇನ್ರಿ?" ಎಂದು ನೀಲಿಮಾ ಪಿಸುದನಿಯಲ್ಲಿ ಕೇಳಿದಳು.

"ಮಧು ಗೊರಕಿ ಹೊಡಿಯೂದೂ ಕೇಳಿಸ್ಲಿಕ್ಕೆ ಹತ್ತೇದ," ಎಂದು ರಂಗೂಬಾಯಿ ನಕ್ಕರು. ಎರಡು ದಿನದಲ್ಲಿ ಮೊದಲ ಸಲ ಅವರ ದನಿ ಮೆಲ್ಲಗಿತ್ತು.

ನೀಲಿಮಾ ದೀಪ ಆರಿಸಿದಳು. ಕೆಲಸ ಕಾಯಂ ಆಗದಿದ್ದರೂ ಈ ಹೊತ್ತು ಹೆದರಲು ಏನೂ ಉಳಿದಿರಲಿಲ್ಲ. ಅಂಥ ಸ್ಥಿತಿ ಅವಳಿಗೆ ಹೊಸದು. ಅದು ಹೇಗಿರುತ್ತದೆಂದು ನೋಡುತ್ತ ಅವಳು ಕತ್ತಲಲ್ಲಿ ಒಂದು ಕ್ಷಣ ನಿಂತಳು.

"ಕರ್ರ್."

ಒಣಗಿದ ಎಲೆಯನ್ನು ಉಗುರಿನಿಂದ ಕೆರೆದ ಹಾಗೆ. ಕೋಲುಗಳ ಚೀಲದಿಂದ.

ನಿನ್ನೆ ರಾತ್ರಿ ಮೊದಲು ಬಂದದ್ದು ಇದೇ ಸಪ್ಪಳ. ಇದನ್ನು ಅವಳು ದಿನವಿಡೀ ಮರೆತೇಬಿಟ್ಟಿದ್ದಳು. ಆ ಚೀಲವನ್ನು ಯಾರೂ ಬಿಚ್ಚಿರಲಿಲ್ಲ.

"ಅತ್ಯಾರ," ಎಂದಳು, ಕದಲದೆ. "ಏನರ ಕೇಳಿಸ್ತೇನ್ರಿ?"

ದಿವಾನದ ಮೇಲೆ ಅತ್ತೆ ಧಡಕ್ಕನೆ ಎದ್ದು ಕೂತರು.

"ಇಲ್ಲವಾ," ಎಂದರು ರಂಗೂಬಾಯಿ. "ಏನೂ ಕೇಳಿಸ್ಲಿಲ್ಲ." ಹೀಗೆಂದು ತಲೆದಿಂಬನ್ನೂ ಕೌದಿಯನ್ನೂ ಎತ್ತಿಕೊಂಡು, ಎದುರಿನ ಗೋಡೆಗೆ ಬೆನ್ನು ಹಚ್ಚಿ ಸರಿಯುತ್ತ ಮಗನ ಕೋಣೆಯ ಕಡೆ ಹೊರಟರು. "ಇವತ್ತ ಥಂಡಿ ಭಾಳ ಅದ. ನಾ ನಿಮ್ಮ ಖೋಲ್ಯಾಗ ಮಲಗತೀನಿ."

"ಕರ್ರ್, ಕರ್ರ್."

ಗಂಡನನ್ನು ಎಬ್ಬಿಸಿದರೆ ಫ್ರಿಜ್ ಎನ್ನುತ್ತಾನೆ. ಗೌರಾಬಾಯಿಗೆ ಹೇಳಿದರೆ ಮೆಣಸಿನಕಾಯಿ. ಕಾಕಾಗೆ ಹೇಳಿದರೆ ಪೊಲೀಸು. ಸ್ವರ್ಣಲತಾ ಮೇಡಂಗೆ ಹೇಳುವ ಮಾತೇ ಇಲ್ಲ. ನೀಲಿಮಾ ಅತ್ತೆಯ ಹಿಂದೆಯೇ ಒಳಗೆ ಹೋಗಿ, ಬಾಗಿಲ ಚಿಲಕ ಹಾಕಿ, ಹಾಕಿದ್ದೇನೆಯೇ ಎಂದು ನೋಡಿ, ಬಾಗಿಲ ಕೆಳಗಿನ ಸಂದಿಗೆ ತನ್ನ ಹಳೆಯ ಸೀರೆಯೊಂದನ್ನು ತುರುಕಿದಳು. ಇದನ್ನು ಯಾರಿಗೂ ಹೇಳಬಾರದು ಎಂದು ನಿರ್ಧರಿಸಿ, ಕಣ್ಣು ಬಿಟ್ಟುಕೊಂಡೇ ಮಲಗಿದಳು.